ಸಾಲುನುಂಗಿಯ ಓದು

ಅಚ್ಚುಕೂಟದಲ್ಲಿ ಕರಡು ತಿದ್ದಲು ಇಬ್ಬರು ಬೇಕು. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು; ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಇನ್ನೊಬ್ಬರು ಅದನ್ನು ಕೇಳುತ್ತ ಕರಡಿನ ಮೇಲೆ ಪೆನ್ಸಿಲ್ ಓಡಿಸಬೇಕು. ಪ್ರತಿ ವಾಕ್ಯಕ್ಕೂ ತಿದ್ದುವವರು ‘ಸರಿ’ ಅನ್ನಬೇಕು. ಅನ್ನದಿದ್ದರೆ ಓದುವವರು ಅದೇ ವಾಕ್ಯವನ್ನು ಮತ್ತೆ ಓದಬೇಕು. ಇವರಿಗೆ ಕರಡು ಕಾಣದು, ಅವರಿಗೆ ಮೂಲ ಕಾಣದು. ಹೆಚ್ಚುಕಮ್ಮಿಯಾದರೆ ಸಾಕ್ಷಿ ಹೇಳಲು ಗೋಡೆಯ ಮೇಲಿನ ಹಲ್ಲಿಯೂ ಬರುವುದಿಲ್ಲ.

ಸಾಲುನುಂಗಿಗೆ ಆ ಹೆಸರು ಬಿದ್ದದ್ದು ಹೀಗೆ. ಆಗ ಅವಳಿಗೆ ಇಪ್ಪತ್ತನಾಲ್ಕು. ಒಳ್ಳೆಯ ದನಿ, ಎಂಥ ಕಾಗೆಕಾಲು ಅಕ್ಷರವನ್ನಾದರೂ ಓದಬಲ್ಲ ಕಣ್ಣು. ಅವಳಿಗೆ ಕೆಲಸ ಕಲಿಸಿದವರೂ, ಎದುರು ಕೂತು ತಿದ್ದುತ್ತಿದ್ದವರೂ ಒಬ್ಬರೇ. ಐದು ಭಾಷೆ ಬಲ್ಲ ಅವರನ್ನು ಎಲ್ಲರೂ ಪಂಡಿತರು ಅನ್ನುತ್ತಿದ್ದರು. ಒಂದು ಮಧ್ಯಾಹ್ನ ಧರ್ಮಗ್ರಂಥವೊಂದರ ಕರಡು ನಡೆದಿತ್ತು. ಪಂಡಿತರು ಪುಷ್ಕಳವಾಗಿ ಉಂಡು ಬಂದಿದ್ದರು. ಪೆನ್ಸಿಲ್ ಕೈಯಲ್ಲಿತ್ತು, ತಲೆ ಕರಡಿನ ಮೇಲೆ ಬಾಗಿತ್ತು, ರೂಢಿಯ ಮೇಲೆ ಬಾಯಿ ಆಗಾಗ ‘ಸರಿ’ ಅನ್ನುತ್ತಿತ್ತು. ಉಸಿರಾಟ ಮಾತ್ರ ಬೇರೆಯಾಗಿತ್ತು. ಅದು ಅವಳಿಗೆ ಕೇಳಿಸಿತು. ಅಪ್ಪನ ವಯಸ್ಸಿನವರ ಭುಜ ಅಲ್ಲಾಡಿಸುವುದು ಹೇಗೆ? ಸ್ವಲ್ಪ ಜೋರಾಗಿ ಓದಿದಳು, ಅಷ್ಟೇ.

ಅಚ್ಚಿನ ಮೊಳೆ ಜೋಡಿಸುವವನು ಒಂದು ಸಾಲು ಬಿಟ್ಟಿದ್ದ. ಪುಸ್ತಕ ಅಚ್ಚಾಗಿ, ಹೊಲಿಗೆಯಾಗಿ, ಓದುಗರ ಕೈ ಸೇರಿದ ಮೇಲೆ ಗೊತ್ತಾಯಿತು. ಯಜಮಾನರು ಇಬ್ಬರನ್ನೂ ಕರೆಸಿದರು. ಪಂಡಿತರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದರು: “ನಾನು ಕೇಳಿಸಿಕೊಂಡಿದ್ದನ್ನ ತಿದ್ದಿದೀನಿ. ಈ ಹುಡುಗಿ ಆ ಸಾಲು ಓದಲೇ ಇಲ್ಲ.”

“ಓದಿದೀನಿ,” ಅಂದಳು ಅವಳು. ಐದು ಭಾಷೆಯ ಮುಂದೆ ಒಂದು ಮಾತು ಯಾವ ಲೆಕ್ಕ? ಅವತ್ತೇ ಕೆಲಸ ಹೋಯಿತು.

ವಾರದೊಳಗೆ ಸಾಲುನುಂಗಿ ಅನ್ನುವ ಹೆಸರು ಎಲ್ಲ ಅಚ್ಚುಕೂಟಗಳಿಗೂ ಮುಟ್ಟಿತು. ಓದುವ ಕೆಲಸವನ್ನು ಯಾರೂ ಕೊಡಲಿಲ್ಲ. ಪುಸ್ತಕ ಕಟ್ಟುವವರ ಅಂಗಳದಲ್ಲಿ ಹಾಳೆ ಮಡಚುತ್ತ, ಅಂಟು ಬಳಿಯುತ್ತ ಮೂವತ್ತನಾಲ್ಕು ವರ್ಷ ಕಳೆದಳು. ಮನೆಯಲ್ಲಿ ತಮ್ಮನ ಹೆಂಡತಿಗೂ ಒಂದು ಹಾಸ್ಯ ಸಿಕ್ಕಿತು: “ನಮ್ಮ ಅತ್ತಿಗೆ ಸಾಲನ್ನೇ ನುಂಗಿದೋರು, ತುತ್ತು ಯಾವ ಮೂಲೆಗೆ?” ಎಲ್ಲರೂ ನಗುತ್ತಿದ್ದರು. ಅವಳು ಮುಂದಿನ ತುತ್ತು ಕಲಸುತ್ತಿದ್ದಳು. ಹಾವು ಹನ್ನೆರಡು ವರ್ಷ ಹಗೆ ಇಟ್ಟುಕೊಳ್ಳುತ್ತದಂತೆ. ಅವಳನ್ನು ಕೇಳಿದರೆ ಆ ಹಾವು ಶುದ್ಧ ಸೋಮಾರಿ.

ಒಂದು ದಿನ ಪಂಡಿತರ ಸೊಸೆ ಹುಡುಕಿಕೊಂಡು ಬಂದಳು.

“ಮಾವನವರು ಒಂದು ಪುಸ್ತಕ ಬರೆದಿದಾರಮ್ಮ. ನಂಬಿಕೆ ಅನ್ನೋ ಪದ ಎಲ್ಲಿಂದ ಬಂತು, ಶಾಸ್ತ್ರದಲ್ಲಿ ಅದಕ್ಕೇನು ಅರ್ಥ ಅಂತ. ಟೈಪ್ ಮಾಡಿದೋರು ಅರ್ಧ ಊಹೆ ಮೇಲೆ ಮಾಡಿದಾರೆ. ಮಾವನವರ ಅಕ್ಷರ ಓದೋಕೆ ನಿಮ್ಮೊಬ್ಬರಿಗೇ ಬರೋದಂತೆ.”

ನಂಬಿಕೆಯ ಬಗ್ಗೆ ಪುಸ್ತಕ, ಅದೂ ಆ ಮನುಷ್ಯ. ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಒಪ್ಪಿಕೊಂಡಳು. ಸಾಲುನುಂಗಿ ಅನ್ನಿಸಿಕೊಂಡು ಒಂದು ಸಾಲನ್ನೂ ನುಂಗದೆ ಸಾಯುವುದೇ? ಇಡೀ ಪುಸ್ತಕ ನಿಂತಿರುವ ಸಾಲನ್ನೇ ಹುಡುಕಿ ನುಂಗಬೇಕು, ಅಚ್ಚಾದ ಮೇಲೆ ಬಲ್ಲವರೆಲ್ಲ ಮುದುಕನನ್ನು ನೋಡಿ ನಗಬೇಕು, ಇದು ಅವಳ ಸಂಕಲ್ಪ.

ಪಂಡಿತರ ಮನೆಯ ಕಿಟಕಿಯ ಬಳಿ ಮೇಜು, ಟೈಪಾದ ಕರಡು, ಒಂದು ಭೂತಗನ್ನಡಿ, ನಡುಗುವ ಕೈ. “ಬಂದ್ಯಾ, ಕೂತ್ಕೊ,” ಅಂದರು ಪಂಡಿತರು, ನಿನ್ನೆ ತಾನೇ ಎದ್ದು ಹೋಗಿದ್ದವಳಿಗೆ ಅನ್ನುವ ಹಾಗೆ.

ಎರಡು ದಿನ ಓದಿದಳು. ವಿಶ್ವಾಸ ಎಂಬ ಮಾತಿನ ಒಳಗೆ ಉಸಿರಿದೆ, ಯಾರ ಹತ್ತಿರ ನಿರಾಳವಾಗಿ ಉಸಿರಾಡಬಹುದೋ ಅವರಲ್ಲಿ ಇರುವುದೇ ವಿಶ್ವಾಸ ಎಂದು ಬರೆದಿದ್ದರು. ಶ್ರದ್ಧೆಯೆಂದರೆ ಹೃದಯವನ್ನು ಒಂದು ಕಡೆ ಇಡುವುದು. ದೂರದೇಶದ ಒಂದು ಹಳೆಯ ಶಾಸ್ತ್ರದ ಭಾಷೆಯಲ್ಲಿ ನಂಬಿಕೆಯ ಧಾತುವಿಗೆ ಅಲುಗದೆ ನಿಲ್ಲುವುದು ಎಂದು ಅರ್ಥ. ಮಗುವನ್ನು ಎತ್ತಿಕೊಂಡ ದಾದಿಗೂ ಬಾಗಿಲ ಕಂಬಕ್ಕೂ ಅದೇ ಧಾತು. ತನ್ನ ಜನ ಯುದ್ಧ ಗೆಲ್ಲಲೆಂದು ಬೆಟ್ಟದ ಮೇಲೆ ಸೂರ್ಯ ಮುಳುಗುವವರೆಗೆ ಎತ್ತಿ ಹಿಡಿದ ಮುದುಕನೊಬ್ಬನ ಕೈಗಳನ್ನೂ ಅಲ್ಲಿ ಅದೇ ಮಾತಿನಿಂದ ಬಣ್ಣಿಸಿದ್ದಾರೆ. ಬರಹ ಚೆನ್ನಾಗಿತ್ತು. ಅದಕ್ಕೇ ಅವಳಿಗೆ ಇನ್ನೂ ಸಿಟ್ಟು ಬಂತು.

ಮೂರನೆಯ ದಿನ ಬೇಕಾದ ಸಾಲು ಸಿಕ್ಕಿತು: ‘ಆದ್ದರಿಂದ ನಂಬಿಕೆಯೆಂದರೆ ತನ್ನ ಮೇಲೆ ಭಾರ ಹಾಕಿದವರನ್ನು ಕೆಳಗೆ ಬಿಡದಿರುವುದು.’ ಇದನ್ನು ತೆಗೆದರೆ ಪುಸ್ತಕಕ್ಕೆ ಬೆನ್ನುಮೂಳೆಯೇ ಇಲ್ಲ. ಹಾರಿಸಲು ನಾಲಿಗೆ ಸಿದ್ಧವಾಗಿತ್ತು, ಮುಂದಿನ ವಾಕ್ಯ ಯಾವುದೆಂದು ಕಣ್ಣು ಕೆಳಗಿಳಿಯಿತು.

ಕೆಳಗಿನ ವಾಕ್ಯದಲ್ಲಿ ಅವಳೇ ಇದ್ದಳು. ಸುಳ್ಳನ್ನು ಮೂವತ್ತನಾಲ್ಕು ವರ್ಷ ಸಾಕಿದರೆ ಅದು ಮನೆಮಗುವೇ ಆಗಿಬಿಡುತ್ತದೆ, ಯಾರ ಮುಂದೆ ಬರಲೂ ಅದಕ್ಕೆ ಸಂಕೋಚವಿಲ್ಲ.

ಅವಳು ಯಾವ ಸಾಲನ್ನೂ ನುಂಗಲಿಲ್ಲ. ಮೊದಲನೆಯದನ್ನು ಪೂರ್ತಿ ಓದಿ ‘ಸರಿ’ ಅನ್ನಿಸಿಕೊಂಡಳು. ಆಮೇಲೆ ಅದೇ ದನಿಯಲ್ಲಿ ಮುಂದಕ್ಕೆ ಓದಿದಳು: “ಐವತ್ತು ವರ್ಷದ ಕೆಲಸದಲ್ಲಿ ನನ್ನ ಕೈಯಿಂದ ಒಂದೇ ಒಂದು ಸಾಲು ತಪ್ಪಿತು, ಅಲ್ಪವಿರಾಮ, ಅದೂ ಓದುವ ಹುಡುಗಿಯೊಬ್ಬಳ ಅಲಕ್ಷ್ಯದಿಂದ. ಪೂರ್ಣವಿರಾಮ.”

ಪಂಡಿತರು ‘ಸರಿ’ ಅನ್ನಲಿಲ್ಲ.

ನಿಯಮದಂತೆ ಮತ್ತೆ ಓದಿದಳು. ಮತ್ತೂ ಇಲ್ಲ. ಮೂರನೆಯ ಸಲ ಓದುವಾಗ ಬಾಗಿಲಲ್ಲಿ ತರಕಾರಿ ಹೆಚ್ಚುತ್ತಿದ್ದ ಸೊಸೆಯ ಕೈ ನಿಂತಿತು. ಏಳನೆಯ ಸಲಕ್ಕೆ ಸೊಸೆಯೇ ಕೇಳಿದಳು: “ಮಾವ, ಆ ಹುಡುಗಿ ಇವರೇನಾ?”

ಪಂಡಿತರು ಭೂತಗನ್ನಡಿ ಕೆಳಗಿಟ್ಟರು. “ಅವತ್ತು ನಿದ್ದೆ ಬಂದುಬಿಟ್ಟಿತ್ತು ಕಣಮ್ಮ.”

“ಗೊತ್ತು. ಉಸಿರು ಕೇಳಿಸ್ತಿತ್ತು.”

“ಆ ಸಾಲು ತೆಗೆದುಬಿಡೋಣ.”

“ತೆಗೆಯೋದು ಬೇಡ. ತಿದ್ದಿ.”

“ನನ್ನ ಕೈ ನಡುಗುತ್ತೆ. ನೀನೇ ಬರಿ.”

“ನನ್ನ ಕೆಲಸ ಓದೋದು, ಪಂಡಿತರೇ.”

ಮೂಲಪ್ರತಿಯನ್ನು ಅವರ ಮುಂದಕ್ಕೆ ತಳ್ಳಿದಳು. ಅವರು ಬರೆದರು. ಮೂರು ವಾಕ್ಯಕ್ಕೆ ಕಾಲು ಗಂಟೆ ಹಿಡಿಯಿತು. ಹಾಳೆ ಜಾರುತ್ತಿತ್ತು, ಅವಳು ಹಿಡಿದುಕೊಳ್ಳಲಿಲ್ಲ. ಸೊಸೆ ಎದ್ದು ಬರಲು ಹೋದಾಗ ಸಾಲುನುಂಗಿ ಬೇಡವೆಂದು ಕೈಯಾಡಿಸಿದಳು. ಪಂಡಿತರ ಕೈ ನಡುಗುವುದನ್ನು ನೋಡಿ ಅವಳಿಗೆ ಸಂತೋಷವಾಯಿತು. ಮುಚ್ಚಿಡುವುದೇಕೆ, ಹೊಟ್ಟೆ ತುಂಬ ಸಂತೋಷವಾಯಿತು.

ಹಾಳೆ ತೆಗೆದುಕೊಂಡು ಓದಿದಳು: “ಅವಳು ಓದಿದ್ದಳು. ಪೂರ್ಣವಿರಾಮ. ನಾನು ನಿದ್ದೆಹೋಗಿದ್ದೆ. ಪೂರ್ಣವಿರಾಮ. ತಪ್ಪನ್ನು ಅವಳ ತಲೆಗೆ ಕಟ್ಟಿದೆ. ಪೂರ್ಣವಿರಾಮ.”

“ಸರಿ,” ಅಂದರು ಪಂಡಿತರು. ಕಣ್ಣಲ್ಲಿ ನೀರಿತ್ತು. ಆಮೇಲೆ ಕೇಳಿದರು: “ಹಳೇದನ್ನೆಲ್ಲ ಹೊಟ್ಟೆಗೆ ಹಾಕ್ಕೊಂಡೆ ಅಂತ ಒಂದು ಮಾತು ಹೇಳಮ್ಮ.”

ಅವಳು ಹಾಳೆಯನ್ನು ಮೇಲಿಂದ ಕೆಳಗೆ ನೋಡಿದಳು. ಮಗುಚಿ ಹಿಂಬದಿಯನ್ನೂ ನೋಡಿದಳು.

“ಮೂಲದಲ್ಲಿ ಹಾಗಿಲ್ಲ,” ಅಂದು ಮುಂದಿನ ಪ್ಯಾರಾ ಓದತೊಡಗಿದಳು.