ಸಕ್ಕರೆ ಓದಿಕೊಡುತ್ತಿದ್ದ ಅಪ್ಪಾಲಾಲ ಕಾಕಾ

ಬೇಡಕಿಹಾಳದಲ್ಲಿ ಅಪ್ಪಾಲಾಲ ಮುಜಾವರ ಅವರಷ್ಟು ಸಿಡುಕಿನ ಮನುಷ್ಯನನ್ನು ನಾನು ಕಂಡಿಲ್ಲ. ನಮ್ಮ ಕಬ್ಬಿನ ಹೊಲಕ್ಕೆ ಹತ್ತಿದ ದರ್ಗಾ ನೋಡಿಕೊಳ್ಳುತ್ತಿದ್ದವರೂ ಅವರೇ, ಊರ ಮಸೀದಿಯಲ್ಲಿ ಮುಂದೆ ನಿಂತು ನಮಾಜು ಮಾಡಿಸುತ್ತಿದ್ದವರೂ ಅವರೇ. ಕೂಸಿಗೆ ಜ್ವರ ಬಂದರೆ, ಎಮ್ಮೆ ಹಾಲು ಬಿಡದಿದ್ದರೆ ನಮ್ಮ ಹೆಂಗಸರು ಸಕ್ಕರೆ ಕಟ್ಟಿಕೊಂಡು ದರ್ಗಾಕ್ಕೆ ಹೋಗುತ್ತಿದ್ದರು. ಕಾಕಾ ಅದರ ಮೇಲೆ ಕುರಾನಿನ ನಾಲ್ಕು ಮಾತು ಓದಿ, ಊದಿ ಕೊಡುತ್ತಿದ್ದರು. ಆದರೆ ಯಾರಾದರೂ ಗೋರಿಗೆ ಹಣೆ ಹಚ್ಚಿದರೋ, ಮುಗಿಯಿತು.

“ಏಳ ಬೇ ಮ್ಯಾಲ! ಮಲಗಿದಾಂವ ಏನ್ ಕೊಡ್ತಾನ? ಅಂವನೂ ಬೇಡಿದಾಂವನ. ಅಂವಗ ಕೊಟ್ಟಾಂವನ್ನ ಕೇಳು!”

ಬೈಸಿಕೊಂಡವರು ಮುಂದಿನ ಗುರುವಾರ ಮತ್ತೆ ಬರುತ್ತಿದ್ದರು.

೧೯೯೪ರಲ್ಲಿ ಕಾಕಾನ ಅಳಿಯ ದಸ್ತಗೀರ, ದೂರದ ಮದರಸಾದಲ್ಲಿ ಕಲಿತವನು, ಊರಿಗೆ ಬಂದು ನೆಲೆಸಿದ. ಗೋರಿಯ ಬಳಿ ಓದುವುದು ಧರ್ಮದಲ್ಲಿಲ್ಲ ಎಂದ. ಮಸೀದಿ ಕಮಿಟಿಯವರು ತಲೆಯಾಡಿಸಿದರು. ಆ ತಲೆಗಳಲ್ಲಿ ಒಂದಾದರೂ ಕಾಕಾ ಓದಿದ ಸಕ್ಕರೆ ನೆಕ್ಕದೆ ಬೆಳೆದದ್ದಲ್ಲ! ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ದರ್ಗಾಕ್ಕೆ ಬೀಗ ಬಿತ್ತು. ಇನ್ನೊಮ್ಮೆ ಸಕ್ಕರೆ ಓದಿದರೆ ನಮಾಜು ಮಾಡಿಸುವ ಹಾಗಿಲ್ಲ ಎಂದು ಕಾಕಾನಿಗೆ ತಾಕೀತಾಯಿತು. ನಮಾಜಿಗೆ ಮುಂದೆ ನಿಲ್ಲುವ ಆ ಜಾಗ ಅಪ್ಪನ ಕಾಲದಿಂದ ಬಂದದ್ದು, ಅವರ ಬದುಕೇ ಅದು. ಹಲ್ಲು ಕಚ್ಚಿ ಸಕ್ಕರೆ ಓದುವುದನ್ನು ಬಿಟ್ಟರು.

ಕುರಿ ಕಾಯುವ ಲಗಮವ್ವನಿಗೆ ಇದ್ಯಾವುದೂ ಗೊತ್ತಿಲ್ಲ. ಹಿಂಡಿನೊಂದಿಗೆ ರಾಯಬಾಗದ ಕಡೆ ಹೋಗಿದ್ದವಳು, ಸೂಜಿ ಮಾಡಿಸಿದರೂ ಮೊಮ್ಮಗಳ ಜ್ವರ ಇಳಿಯಲಿಲ್ಲವೆಂದು ಓಡಿ ಬಂದಿದ್ದಳು. ದರ್ಗಾಕ್ಕೆ ಬೀಗ ಕಂಡು, ಓದುವವರು ಮಸೀದಿಯಲ್ಲಿರುತ್ತಾರಲ್ಲ ಎಂದುಕೊಂಡು, ಸಂಜೆಯ ನಮಾಜು ಮುಗಿಯುವ ಹೊತ್ತಿಗೆ ನೇರ ಮಸೀದಿ ಬಾಗಿಲಿಗೇ ಬಂದಳು. ಕಂಕುಳಲ್ಲಿ ಕೂಸು, ಕೈಯಲ್ಲಿ ಸಕ್ಕರೆ ಪೊಟ್ಟಣ. ನಾನು ಎದುರಿನ ಚಹಾದಂಗಡಿಯಲ್ಲಿದ್ದೆ. ಹೊರಬಂದ ಕಾಕಾ ಪೊಟ್ಟಣಕ್ಕೆ ಕೈ ಚಾಚಿದರು.

“ಬ್ಯಾಡ್ರಿ ಮಾಮಾ, ಎಲ್ಲಾರೂ ನೋಡಾಕತ್ತಾರ,” ಎಂದ ದಸ್ತಗೀರ.

“ನೋಡ್ಲಿ! ಅಲ್ಲಾನ ಮಾತು ಓದಾಕ ನಿನ್ನ ಕಮಿಟಿ ಅಪ್ಪಣಿ ಬೇಕೇನ್ಲೇ? ಇಲ್ಲಿ ಗೋರಿ ಎಲ್ಲೈತಿ, ತೋರ್ಸು!”

ಕಾಕಾ ಓದಿದರು. ಊದಿ, ಒಂದು ಚಿಟಿಕೆ ಸಕ್ಕರೆಯನ್ನು ಕೂಸಿನ ನಾಲಗೆಗೆ ಹಚ್ಚಿದರು. ಕಾಲಿಗೆ ಬೀಳಲು ಬಂದ ಲಗಮವ್ವನಿಗೂ ಬೈಗುಳ ತಪ್ಪಲಿಲ್ಲ.

ಮರುದಿನ ನಮಾಜಿಗೆ ದಸ್ತಗೀರನೇ ಮುಂದೆ ನಿಂತ. ಕಾಕಾ ಇನ್ನು ಮಸೀದಿ ಮೆಟ್ಟಿಲು ಹತ್ತುವುದಿಲ್ಲ ಎಂದು ಊರೆಲ್ಲ ಮಾತಾಡಿಕೊಂಡಿತ್ತು. ಅವರು ಬಂದರು, ಎಲ್ಲರಿಗಿಂತ ಹಿಂದಿನ ಸಾಲಿನಲ್ಲಿ, ಚಪ್ಪಲಿ ಬಿಡುವ ಕಡೆ ನಿಂತು ನಮಾಜು ಮಾಡಿ ಹೊರಬಿದ್ದರು. ನನಗೆ ತಡೆಯಲಾಗಲಿಲ್ಲ.

“ನಾಚಿಕಿ ಆಗೂದಿಲ್ಲೇನ್ರಿ ಕಾಕಾ? ನಿಮ್ಮ ಜಾಗಾ ಕಸಗೊಂಡಾಂವನ ಹಿಂದ ಹೋಗಿ ನಿಂತ್ರಲ್ಲಾ!” ಎಂದು ಹರಿಹಾಯ್ದೆ.

ಅವರು ನನ್ನ ಅಂಗಿ ಹಿಡಿದು ಜಗ್ಗಿದರು. ಕಣ್ಣು ತುಂಬಿದ್ದವು, ದನಿ ಮಾತ್ರ ಅದೇ ಬೈಗುಳದ್ದು.

“ಅಂವನ ಹಿಂದ ಯಾಂವ ನಿಂತಾನಲೇ? ನಾ ಅಲ್ಲಾನ ಮುಂದ ನಿಂತೀನಿ.”