ಅತ್ತೆಯ ಎರಡನೆಯ ಸ್ನಾನ

ಪಕ್ಕದ ಮನೆಯ ಶಾಲಿನಿ ಮೊನ್ನೆ ಬೆಳಿಗ್ಗೆ ನಾಯಿಮರಿಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು. ಸ್ನೇಹಿತೆಯ ಮನೆಯದಂತೆ, ಎರಡು ದಿನ ಇಟ್ಟುಕೊಂಡು ನೋಡು ಎಂದು ಕೊಟ್ಟಿದ್ದಾರಂತೆ. ಇನ್ನೊಂದು ಕೈಯಲ್ಲಿ ಫೋನು, ಅದರ ತುಂಬ ತರಾವರಿ ನಾಯಿಗಳ ಚಿತ್ರ. "ಅಜ್ಜಿ, ಯಾವ ಜಾತಿ ನಾಯಿ ಜಾಸ್ತಿ ಪ್ರೀತಿ ಮಾಡುತ್ತೆ? ನೀವು ಹಿಂದೆ ಸಾಕಿದ್ರಂತಲ್ಲ" ಅಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮರಿ ಕತ್ತು ಚಾಚಿ ನನ್ನ ಬೆರಳು ನೆಕ್ಕಿತು. ಕೆಂಡ ಮುಟ್ಟಿದವಳ ಹಾಗೆ ಕೈ ಎಳೆದುಕೊಂಡೆ. ಎಲ್ಲಾದರೂ ಗಾಯ ಇದೆಯೇನೋ ಎಂದು ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಶಾಲಿನಿಗೆ ನಗು ಬಂತು. ನನಗೆ ಬರಲಿಲ್ಲ.

ಈ ಕೈ ಎಳೆದುಕೊಳ್ಳುವ ಚಾಳಿಗೆ ಅರವತ್ತು ವರ್ಷ ದಾಟಿದೆ. ನಿಮಗೆ ಆತುರವಿಲ್ಲದಿದ್ದರೆ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಹಗಲೂ ರಾತ್ರಿ ರೈಲಿನ ಕೂಗು, ಜನರ ಗಲಾಟೆ. ಮದುವೆಯಾಗಿ ಬಂದದ್ದು ಬೇಲೂರಿಗೆ, ಸೂಜಿ ಬಿದ್ದರೆ ಕೇಳಿಸುವಂಥ ಮನೆಗೆ. ಮಾವನವರು ನಮ್ಮ ಬೀದಿಯ ಸಣ್ಣ ಗುಡಿಯೊಂದರ ಅರ್ಚಕರು. ಅಲ್ಲಿಯ ದೇವರಿಗೆ ಎರಡು ಹೊತ್ತೂ ಎಡೆ ನಮ್ಮ ಮನೆಯಿಂದಲೇ ಹೋಗಬೇಕು, ಅದನ್ನು ಅತ್ತೆ ಮಡಿಯುಟ್ಟು ಮಾಡಬೇಕು. ನಮ್ಮವರು ಹಳೇಬೀಡಿನ ಶಾಲೆಯಲ್ಲಿ ಮೇಷ್ಟ್ರು, ಬೆಳಗಿನ ಬಸ್ಸಿಗೆ ಹೋದರೆ ಬರುವುದು ಸಂಜೆಗೆ. ಮಾವ ಗುಡಿಯಲ್ಲಿ, ಅತ್ತೆ ಮಡಿಯಲ್ಲಿ, ನಾನು ನಡುಮನೆಯಲ್ಲಿ ಒಬ್ಬಳೇ. "ನನಗೆ ಮಾತಾಡೋಕೆ ಯಾರಾದ್ರೂ ಬೇಕು ರೀ" ಎಂದು ಒಂದು ದಿನ ಕಣ್ಣೀರು ಹಾಕಿದೆ. ಪಾಪ, ಮೇಷ್ಟ್ರು ಬಹಳ ಯೋಚನೆ ಮಾಡಿ, ಮಾತೇ ಬಾರದ ಪ್ರಾಣಿಯೊಂದನ್ನು ತರೋಣವೆಂದರು.

ಅರೇಹಳ್ಳಿಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರೊಬ್ಬರು ಅವರಿಗೆ ಪರಿಚಯ. ಅಲ್ಲಿಗೆ ಹೋದೆವು. ಕಿವಿ ನೆಟ್ಟಗಿದ್ದ ಸೀಮೆ ನಾಯಿಯ ಮರಿಗಳು ಎರಡು, ನೆಲ ಗುಡಿಸುವಷ್ಟು ಉದ್ದ ಕಿವಿಯ ಬೆಲ್ಲದ ಬಣ್ಣದ್ದು ಒಂದು. ನಮ್ಮವರ ಕಣ್ಣು ಕಿವಿ ನೆಟ್ಟಗಿದ್ದವುಗಳ ಮೇಲಿತ್ತು, ಮನೆ ಕಾಯುತ್ತವೆ ಎಂದು. ನಾನು ಮೆಲ್ಲಗೆ, "ಪ್ರೀತಿ ಮಾಡೋ ಜಾತಿ ಯಾವುದು?" ಎಂದು ಕೇಳಿದೆ.

ರೈಟರು ನಕ್ಕರು. "ಈ ಜೋಲುಕಿವೀದು ಕಣಮ್ಮ. ಇದ್ರಿಂದ ಕಾವಲು ಗೀವಲು ಆಗಾಕಿಲ್ಲ. ಕಳ್ಳ ಬಂದ್ರೂ ಅವನ ಕೈ ನೆಕ್ಕತೈತೆ."

ಅಷ್ಟರಲ್ಲಿ ಅದು ನನ್ನ ಕಾಲುಂಗುರವನ್ನು ನೆಕ್ಕುತ್ತಿತ್ತು. ಬಸ್ಸಿನಲ್ಲಿ ನನ್ನ ಮಡಿಲಲ್ಲೇ ಬಂತು. ಬಣ್ಣ ನೋಡಿ ಬೆಲ್ಲ ಎಂದು ಹೆಸರಿಟ್ಟೆ.

ಮಾವನವರು ಜಗಲಿಯ ಮೇಲೆ ನಿಂತು ನೋಡಿದರು. ಬೈಯಲಿಲ್ಲ. "ಹಿತ್ತಲಲ್ಲಿ ಇರಲಿ. ಆದರೆ ಒಂದು ಮಾತು. ಎಡೆ ಮಾಡೋ ಕೈಯನ್ನ ಅದು ಮುಟ್ಟಿದ ದಿನ, ಆ ಕೈ ಮತ್ತೆ ಎಡೆ ಮಾಡೋ ಹಾಗಿಲ್ಲ" ಎಂದರು. ಅತ್ತೆ ಬಾಗಿಲ ಹಿಂದಿನಿಂದಲೇ, "ಅದನ್ನ ಯಾರು ಮುಟ್ಟಕ್ಕೆ ಹೋಗ್ತಾರೆ" ಅಂದುಬಿಟ್ಟರು. ಮೂವತ್ತು ವರ್ಷ ಆ ಒಲೆಯ ಮುಂದೆ ಕೂತವರು. ಮನೆಯಲ್ಲಿ ಅವರದೆಂದು ಇದ್ದದ್ದು ಅದೊಂದೇ ಜಾಗ.

ಅತ್ತೆಯ ಮಡಿ ಬೀದಿಗೆಲ್ಲ ಹೆಸರುವಾಸಿ. ಬೆಲ್ಲ ಬಂದ ಮೇಲಂತೂ ದಿನಕ್ಕೆ ಎರಡು ಸ್ನಾನ ಶುರುವಾಯಿತು, ಬೆಳಿಗ್ಗೆ ಒಂದು, ಮಧ್ಯಾಹ್ನ ಊಟವಾದ ಮೇಲೆ ಬಾವಿಕಟ್ಟೆಯಲ್ಲಿ ಇನ್ನೊಂದು. "ಮನೇಲಿ ನಾಯಿ ಇದೆ ಅಂತ ಎಷ್ಟು ಎಚ್ಚರಿಕೆ ನೋಡಿ" ಎಂದು ನೆರೆಯವರು ಕೊಂಡಾಡಿದ್ದೇ ಕೊಂಡಾಡಿದ್ದು. ನಾನೂ ನಂಬಿದ್ದೆ. ಒಂದು ಮಧ್ಯಾಹ್ನ ಒಣಗಿದ ಬಟ್ಟೆ ತರಲು ಹಿತ್ತಲಿಗೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅತ್ತೆ ಕೂತಿದ್ದಾರೆ. ಬೆಲ್ಲ ಅವರ ಅಂಗೈಗೆ ಅಂಟಿದ ತುಪ್ಪದನ್ನವನ್ನು ನೆಕ್ಕುತ್ತಿದೆ. "ಸಾಕು ಬಿಡೋ, ಎಷ್ಟು ನೆಕ್ಕಿದ್ರೂ ತೃಪ್ತಿ ಇಲ್ವಲ್ಲೋ ನಿನಗೆ" ಎನ್ನುತ್ತಿದ್ದಾರೆ. ಆ ದನಿಯಲ್ಲಿ ಅವರು ಯಾರೊಂದಿಗೂ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ಎದ್ದು, ಸುತ್ತ ನೋಡಿ, ನೀರು ಸೇದಿ ತಲೆಯ ಮೇಲೆ ಸುರಿದುಕೊಂಡರು. ಎರಡನೆಯ ಸ್ನಾನದ ಗುಟ್ಟು ಅದು. ನಾನು ಸದ್ದಿಲ್ಲದೆ ಒಳಗೆ ಬಂದೆ.

ಮರುವರ್ಷದ ಬೇಸಿಗೆಯಲ್ಲಿ ಊರಿಗೆ ಹುಚ್ಚುನಾಯಿ ನುಗ್ಗಿದೆಯೆಂಬ ಸುದ್ದಿ ಹಬ್ಬಿತು. ಅದೇ ವಾರ ಬೆಲ್ಲ ಅನ್ನ ಬಿಟ್ಟಿತು. ಬಾಯಲ್ಲಿ ಜೊಲ್ಲು ಸುರಿಯತೊಡಗಿತು. ನಮ್ಮವರು ಮೂತಿ ಮುಟ್ಟಲು ಹೋದರೆ ಗುರ್ ಎಂದು ಬಾಯಿ ಹಾಕಿತು. ಸದ್ಯ, ಹಲ್ಲು ತಾಗಲಿಲ್ಲ. ದನದ ಡಾಕ್ಟರನ್ನು ಕರೆಸಿದೆವು. ಅವರು ಹತ್ತಿರ ಹೋಗದೆ ದೂರದಿಂದಲೇ ನೋಡಿದರು.

"ಕಟ್ಟಿಹಾಕಿ, ಕೊಲ್ಲಬೇಡಿ. ಹತ್ತು ದಿನ ಬದುಕಿದ್ರೆ ಇದು ಹುಚ್ಚಲ್ಲ. ಆದರೆ ಗಾಯದ ಮೇಲೆ ಇದರ ಜೊಲ್ಲು ಯಾರಿಗಾದ್ರೂ ತಾಗಿದ್ರೆ, ಅವರು ಹತ್ತು ದಿನ ಕಾಯೋ ಹಾಗಿಲ್ಲ. ತಕ್ಷಣ ಹೊಟ್ಟೆಗೆ ಇಂಜೆಕ್ಷನ್ ಶುರು ಮಾಡಬೇಕು, ಹದಿನಾಲ್ಕು. ರೋಗ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಹೆಂಗಸರನ್ನೂ ಕೇಳಿ."

ಮಾವ ಅಡುಗೆಮನೆಯ ಕಡೆ ತಿರುಗಿ, "ನಿನಗೇನೂ ಇಲ್ಲ ತಾನೆ?" ಎಂದರು.

"ನಾನ್ಯಾಕೆ ಅದನ್ನ ಮುಟ್ಟಲಿ?" ಎಂದರು ಅತ್ತೆ. ಅವರ ಬಲಗೈಯ ಹೆಬ್ಬೆರಳಿಗೆ ಅರಿಸಿನ ಹಚ್ಚಿದ ಬಟ್ಟೆ ಸುತ್ತಿತ್ತು. ನಾಲ್ಕು ದಿನದ ಹಿಂದೆ ಕುಂಬಳಕಾಯಿ ಹೆಚ್ಚುವಾಗ ಈಳಿಗೆಮಣೆ ಕೊಯ್ದಿತ್ತು. ಆ ನಾಲ್ಕು ದಿನವೂ ಎರಡನೆಯ ಸ್ನಾನ ತಪ್ಪಿರಲಿಲ್ಲ.

ಬಾವಿಯ ಹತ್ತಿರ ಅವರನ್ನು ಹಿಡಿದೆ. "ಅತ್ತೆ, ನಾನು ನೋಡಿದೀನಿ."

"ಏನೇ ನೋಡಿದೆ?"

"ನಿಮ್ಮ ಕೈ ನೆಕ್ಕಿದ್ದನ್ನ."

ಬಟ್ಟೆ ಸುತ್ತಿದ ಬೆರಳನ್ನು ಸೆರಗಿನಲ್ಲಿ ಮರೆಮಾಡಿಕೊಂಡರು. "ನೋಡಿದ್ರೆ ನಿನ್ನ ಹೊಟ್ಟೇಲಿ ಇಟ್ಕೋ. ಹತ್ತು ದಿನ ತಾನೆ?"

"ಅದು ಸತ್ತು ಹೋದ್ರೆ?"

"ನಾನೂ ಸಾಯ್ತೀನಿ. ಮಡೀಲಿ ಸಾಯ್ತೀನಿ. ಈ ಒಲೆ ಬಿಟ್ಟು ಬದುಕೋಕೆ ನನಗೆ ಬರಲ್ಲ ಕಣೇ."

ನನಗೆ ಆಗ ಹತ್ತೊಂಬತ್ತು. ಹೇಳಿದರೆ ಅತ್ತೆಯ ಒಲೆ ಹೋಗುತ್ತದೆ, ಸುಮ್ಮನಿದ್ದರೆ ಜೀವವೇ ಹೋಗಬಹುದು. ಧೈರ್ಯಸ್ಥೆಯೆಂದು ತಿಳಿಯಬೇಡಿ, ಹಲ್ಲಿ ಬಿದ್ದರೆ ಕಿರಿಚುವವಳು ನಾನು. ಆದರೂ ನೇರ ಜಗಲಿಗೆ ಹೋಗಿ, "ಮಾವ, ಅದು ನನ್ನ ಕೈ ನೆಕ್ಕಿತ್ತು. ಬಳೆ ಒಡೆದು ಗೀರಿದ ಗಾಯ ಇತ್ತು. ಆಸ್ಪತ್ರೆಗೆ ಒಬ್ಬಳೇ ಹೋಗೋಕೆ ಭಯ, ದಿನಾ ಅತ್ತೆ ಜೊತೆಗೆ ಬರಲಿ" ಎಂದು ಒಂದೇ ಉಸಿರಿಗೆ ಒದರಿದೆ.

ಆಸ್ಪತ್ರೆಯಲ್ಲಿ ಡಾಕ್ಟರಿಗೆ ನಿಜ ಹೇಳಿ ಕೈ ಮುಗಿದೆ. ಪರದೆಯ ಹಿಂದೆ ಅತ್ತೆ, "ನಾನೊಲ್ಲೆ" ಎಂದು ಕಲ್ಲಾಗಿ ನಿಂತರು. "ಚುಚ್ಚಿಸಿಕೊಳ್ಳದಿದ್ರೆ ಈಗಲೇ ಹೋಗಿ ಮಾವನಿಗೆ ಹೇಳ್ತೀನಿ" ಅಂದೆ. ಅವರು ನನ್ನನ್ನು ದುರುಗುಟ್ಟಿಕೊಂಡು ನೋಡಿ ಸೆರಗು ಸರಿಸಿದರು. ಚೀಟಿಯ ಮೇಲಿನ ಹೆಸರು ನನ್ನದು, ಸೂಜಿ ಚುಚ್ಚಿದ ಹೊಟ್ಟೆ ಅವರದು.

ಆ ಹತ್ತು ದಿನ ನೆನೆಸಿಕೊಂಡರೆ ಈಗಲೂ ಬಾಯಿ ಒಣಗುತ್ತದೆ. ಚುಚ್ಚಿಸಿಕೊಳ್ಳದ ನಾನು ನಡುಮನೆಯ ಚಾಪೆಯ ಮೇಲೆ ಮಲಗಿ ಅಮ್ಮಾ ಅಪ್ಪಾ ಎಂದು ನರಳಬೇಕು. ಹೊಟ್ಟೆ ಊದಿ ಗಂಟುಗಟ್ಟಿದ ಅತ್ತೆ ತುಟಿ ಕಚ್ಚಿಕೊಂಡು ರುಬ್ಬಬೇಕು, ಎಡೆ ಮಾಡಬೇಕು, ನನಗೆ ಗಂಜಿ ತಂದುಕೊಡಬೇಕು. ನಮ್ಮವರು ನನಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದರೆ ನಾಚಿಕೆಯಿಂದ ಸಾಯುವ ಹಾಗಾಗುತ್ತಿತ್ತು. ಗಂಜಿ ಇಡುವಾಗ ಅತ್ತೆ ಪಿಸುಗುಟ್ಟುತ್ತಿದ್ದದ್ದು ಬೆಲ್ಲನ ಬಗ್ಗೆ ಒಂದೇ ಪ್ರಶ್ನೆ: "ನೀರು ಕುಡೀತಾ?" ನಾಲ್ಕನೆಯ ದಿನ ಕುಡಿಯಿತು. ಆರನೆಯ ದಿನ ತಲೆಯೆತ್ತಲಿಲ್ಲ. ಅವತ್ತು ಬೀದಿಯವರು ದೊಣ್ಣೆ ಹಿಡಿದು ಬಂದರು. ಮಾವನವರೇ ಅಡ್ಡ ನಿಂತು, "ಹತ್ತು ದಿನ ಅಂದ್ರೆ ಹತ್ತು ದಿನ" ಎಂದು ವಾಪಸು ಕಳಿಸಿದರು. ಎಂಟನೆಯ ದಿನ ಬೆಲ್ಲನ ಪಕ್ಕೆಲುಬು ಎಣಿಸಬಹುದಾಗಿತ್ತು. ಆ ಸಂಜೆ ಗಂಜಿ ಇಡುವಾಗ ಅತ್ತೆ ಏನೂ ಕೇಳಲಿಲ್ಲ.

ಹತ್ತನೆಯ ದಿನ ಕಳೆದ ಬೆಳಿಗ್ಗೆ ಹಿತ್ತಲಿಗೆ ಹೋದರೆ, ಬೆಲ್ಲ ಬಾಲ ಅಲ್ಲಾಡಿಸಿತು. ದನದ ಡಾಕ್ಟರು ಬಂದು ಈಗ ಧೈರ್ಯವಾಗಿ ಬಾಯಿ ಅಗಲಿಸಿದರು. ಇಕ್ಕಳ ಹಾಕಿ ಎಳೆದರೆ ದವಡೆಯ ಹಲ್ಲುಗಳ ನಡುವಿಂದ ಹೊರಬಂದದ್ದು ಉಗುರಿನಷ್ಟು ಉದ್ದದ ತೆಂಗಿನ ಕರಟದ ಚೂರು! ಅದರಿಂದಲೇ ನೋವು, ಅದರಿಂದಲೇ ಜೊಲ್ಲು.

ಮಾವನವರು ಅದನ್ನು ನೋಡುತ್ತ ನಿಂತರು. ನಮ್ಮ ಮನೆಯಲ್ಲಿ ಕರಟ ನೀರೊಲೆಗೆ ಹೋಗುತ್ತದೆ. ಕಾಯಿ ತುರಿಯುವವರು ಅತ್ತೆ ಒಬ್ಬರೇ. "ಇದನ್ನ ನಾಯಿಗೆ ಯಾರು ಹಾಕಿದ್ದು?" ಎಂದರು.

ನಾನು ಇನ್ನೊಂದು ಸುಳ್ಳಿಗೆ ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಹೊಸ್ತಿಲು ದಾಟಿ, ಮಡಿಸೀರೆಯಲ್ಲೇ ಹಿತ್ತಲಿಗಿಳಿದು ಬಂದರು. "ನಾನೇ. ದಿನಾ ನಾನೇ ಕೊಟ್ಟಿದ್ದು. ಚುಚ್ಚಿಸ್ಕೊಂಡಿದ್ದೂ ನಾನೇ, ಅವಳಲ್ಲ" ಎಂದು ಬೆಲ್ಲನ ಪಕ್ಕ ಕೂತು ಅದರ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡರು. ಎಲ್ಲರೆದುರಿಗೂ ಅಳುತ್ತಿದ್ದರು.

ಮಾವ ರೇಗಲಿಲ್ಲ. "ಸಂಜೆ ಎಡೆ ಸೊಸೆ ಮಾಡಲಿ" ಎಂದಷ್ಟೇ ಹೇಳಿ ಗುಡಿಗೆ ಹೋದರು.

ಆ ಸಂಜೆಯಿಂದ ಒಲೆ ನನ್ನದಾಯಿತು. ಬೆಲ್ಲ ಇನ್ನೂ ಹನ್ನೊಂದು ವರ್ಷ ಬದುಕಿತು, ಅತ್ತೆಯ ನಾಯಿಯಾಗಿ. ಮಧ್ಯಾಹ್ನ ಅವರಿಬ್ಬರೂ ಜಗಲಿಯ ಮೇಲೆ, ಬೀದಿಗೆಲ್ಲ ಕಾಣುವ ಹಾಗೆ ಕೂತಿರುತ್ತಿದ್ದರು. ನನಗಾಗಿ ತಂದ ನಾಯಿ, ಪ್ರೀತಿಯ ಜಾತಿಯೆಂದು ನಾನೇ ಆರಿಸಿದ್ದು, ನನ್ನನ್ನು ಕಂಡು ಓಡಿ ಬಂದರೆ ನಾನು ಎಡೆ ಮಾಡುವ ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದೆ. ಮೊದಮೊದಲು ಬೆಲ್ಲ ಹಿಂದೆ ಸುತ್ತಿ ಬಂದು ಹುಡುಕುತ್ತಿತ್ತು, ಆಮೇಲೆ ಬಿಟ್ಟುಬಿಟ್ಟಿತು. ಅತ್ತೆಯ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದುಂಟು. ಎರಡನೆಯ ಸ್ನಾನ ಮಾಡುವಷ್ಟು ಎದೆಗಾರಿಕೆ ಮಾತ್ರ ನನಗೆ ಒಂದು ದಿನವೂ ಬರಲಿಲ್ಲ.

"ಅಜ್ಜಿ, ಯಾವ ಜಾತಿ ಅಂತ ಹೇಳಲೇ ಇಲ್ಲ" ಎಂದಳು ಶಾಲಿನಿ. ಮರಿ ಇನ್ನೂ ನನ್ನ ಕಡೆಗೇ ಕತ್ತು ಚಾಚಿತ್ತು. ನಾನು ಎಡೆ ಮಾಡುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಒಲೆ ಈಗ ನನ್ನ ಸೊಸೆಯದು. ಹಾಗಾದರೆ ಈ ಕೈಯನ್ನು ಇಷ್ಟು ದಿನ ಯಾರಿಗಾಗಿ ಕಾಪಾಡಿಕೊಂಡು ಬಂದೆ?

ಅಂಗೈ ಬಿಚ್ಚಿ ಮುಂದೆ ಹಿಡಿದೆ. ಮರಿ ಒಂದೊಂದೇ ಬೆರಳನ್ನು ನೆಕ್ಕತೊಡಗಿತು.

"ಕೈ ತೊಳೆಯೋಕೆ ನೀರು ತರಲಾ ಅಜ್ಜಿ?"

"ಇರು ಮಗು" ಅಂದೆ. "ಇನ್ನೂ ಸ್ವಲ್ಪ ಹೊತ್ತು."