ಹಳೇ ಎಣ್ಣೆಯ ರುಚಿ

ಎಪ್ಪತ್ತರ ದಶಕದಲ್ಲಿ ಮನಗೂಳಿ ಬಸ್ ಸ್ಟ್ಯಾಂಡಿನ ಎದುರು ಮಿರ್ಚಿ ಭಜಿ ಕರಿಯುತ್ತಿದ್ದ ಆ ಮನುಷ್ಯ ಕಡಾಯಿಯ ಎಣ್ಣೆಯನ್ನು ಚೆಲ್ಲಿದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಅದು ಕಾಕಂಬಿಯಂತೆ ಕಪ್ಪಾದರೂ ಮೇಲಿಷ್ಟು ಕುಸುಬಿ ಎಣ್ಣೆ ಸುರಿದು, ಹೆಗಲ ಟವೆಲ್ಲಿನಿಂದ ಹಣೆ ಒರೆಸಿಕೊಂಡು, "ಎಣ್ಣಿ ಹಳೇದಾದಷ್ಟೂ ರುಚಿರಿ" ಎನ್ನುತ್ತಿದ್ದ.

ಊರ ಡಾಕ್ಟರು ದಿನಾ ಸಂಜೆ ಅಲ್ಲೇ ಒಂದು ಪ್ಲೇಟು ಮುಗಿಸುತ್ತ ಬುದ್ಧಿ ಹೇಳುತ್ತಿದ್ದರು: "ಅದ ಎಣ್ಣಿ ಮತ್ತ ಮತ್ತ ಕಾಸಿದ್ರ ಕೆಡತೈತೋ ತಮ್ಮಾ. ತಿಂದವರ ರಕ್ತನಾಳದ ಒಳಮೈ, ಕಬ್ಬಿಣಕ್ಕ ತುಕ್ಕು ಹಿಡದಂಗ ಹಾಳಾಗತೈತಿ."

"ಎಣ್ಣಿ ಹಚ್ಚಿದ ಕಬ್ಬಿಣಕ್ಕ ಎಲ್ಲ್ಯರ ತುಕ್ಕು ಹಿಡೀತೈತೇನ್ರಿ ಸಾಹೇಬ್ರ?" ಎಂದು ಅವನು ಕೇಳಿದರೆ ನಾವೆಲ್ಲ ನಗುತ್ತಿದ್ದೆವು. ಡಾಕ್ಟರು ಇನ್ನೊಂದು ಭಜಿಗೆ ಕೈ ಹಾಕುತ್ತಿದ್ದರು.

ಒಂದು ಸಂಜೆ ನೋಡಿದರೆ, ಕಡಾಯಿಯನ್ನು ತಿಕ್ಕಿ ತೊಳೆದು ಗಾಣದ ಹೊಸ ಎಣ್ಣೆ ತುಂಬಿದ್ದ. ಇದೇನೆಂದು ಕೇಳಿದೆ.

"ಮಗಳು, ಅಳಿಯ ಬಂದಾರ್ರಿ. ಇವತ್ತ ಅವರೂ ತಿಂತಾರ" ಎಂದ, ತಲೆ ಎತ್ತದೆ.

ಆ ಎಣ್ಣೆಯ ಮೊದಲ ಭಜಿ ಕಚ್ಚಿದವರು ಡಾಕ್ಟರೇ. ಅಗಿದು, ಮುಖ ಸಿಂಡರಿಸಿ, "ಇವತ್ತ ಯಾಕೋ ರುಚೀನ ಇಲ್ಲಲ್ಲೋ" ಎಂದರು.